36,325 ಹೆಸರುಗಳ ಗುಮ್ಮಟ: ವಿಕ್ಸ್‌ಬರ್ಗ್‌ನ ಇಲಿನಾಯ್ ಸ್ಮಾರಕ

ಎಲ್ಲರಿಗೂ ನಮಸ್ಕಾರ.

ಇಲಿನಾಯ್ ರಾಜ್ಯದಲ್ಲಿ ನೆಲೆಸಿರುವ ಕನ್ನಡದವರ ಮುಂದೆ ಇಲಿನಾಯ್‌ನದೇ ಒಂದು ಸ್ಮಾರಕದ ಬಗ್ಗೆ ಮಾತಾಡಬೇಕು ಅಂತ ಬಂದಿದ್ದೇನೆ. ಆದರೆ ಆ ಸ್ಮಾರಕ ಇಲಿನಾಯ್‌ನಲ್ಲಿಲ್ಲ. ದಕ್ಷಿಣಕ್ಕೆ, ಮಿಸಿಸಿಪ್ಪಿ ರಾಜ್ಯದ ವಿಕ್ಸ್‌ಬರ್ಗ್ ಎಂಬ ಊರಿನ ಅಂಚಿನಲ್ಲಿದೆ. ಷಿಕಾಗೊದಿಂದ ನಸುಕಿನಲ್ಲಿ ಕಾರು ಹೊರಡಿಸಿದರೆ ರಾತ್ರಿ ಹೊತ್ತಿಗೆ ತಲುಪಬಹುದು. ನಿಮ್ಮ ಮಕ್ಕಳು ಶಾಲೆಯಲ್ಲಿ ಅಮೆರಿಕದ ಅಂತರ್ಯುದ್ಧದ ಪಾಠ ಓದುತ್ತಾರೆ. ಗೆಟ್ಟಿಸ್‌ಬರ್ಗ್ ಹೆಸರು ಅವರಿಗೆ ಗೊತ್ತಿರುತ್ತದೆ. ವಿಕ್ಸ್‌ಬರ್ಗ್ ಬಗ್ಗೆ ಕೇಳಿದರೆ ಎಷ್ಟೋ ಜನ ಸುಮ್ಮನಾಗುತ್ತಾರೆ. ಆದರೆ ಇಲಿನಾಯ್‌ಗೆ ಸಂಬಂಧಪಟ್ಟಂತೆ ನೋಡಿದರೆ ವಿಕ್ಸ್‌ಬರ್ಗ್‌ನಷ್ಟು ಮನಸ್ಸಿಗೆ ಹತ್ತಿರದ ರಣರಂಗ ಇನ್ನೊಂದಿಲ್ಲ.

ಸ್ಮಾರಕ ಬಿಳಿ ಅಮೃತಶಿಲೆಯದು. ರೋಮ್ ನಗರದ ಪ್ಯಾಂಥಿಯನ್ ಗುಡಿಯ ಮಾದರಿ. ಎದುರಿಗೆ ಕಂಬಗಳ ಸಾಲು, ಹಿಂದೆ ದುಂಡನೆಯ ಕೋಣೆ, ಮೇಲೆ ಗುಮ್ಮಟ. ಗುಮ್ಮಟದ ನಡುವೆ ಆಕಾಶಕ್ಕೆ ತೆರೆದ ಒಂದು ದುಂಡು ಕಿಂಡಿ. ಎತ್ತರ 62 ಅಡಿ. ಕೆಳಗಿನಿಂದ ಬಾಗಿಲವರೆಗೆ 47 ಮೆಟ್ಟಿಲು. ಒಳಗೆ ಹೋದರೆ ಗೋಡೆಯ ಸುತ್ತ 60 ಕಂಚಿನ ಫಲಕಗಳು. ಅವುಗಳ ಮೇಲೆ 36,325 ಹೆಸರುಗಳು.

ಈ ಹೆಸರುಗಳ ಬಗ್ಗೆಯೇ ನಾನು ಜಾಸ್ತಿ ಹೇಳಬೇಕಿರುವುದು. ಯಾರನ್ನು ಲೆಕ್ಕಕ್ಕೆ ಹಿಡಿದರು, ಯಾರನ್ನು ಬಿಟ್ಟರು ಎಂಬುದು ಇಲ್ಲಿ ಕಂಚಿನಲ್ಲೇ ಕಾಣುತ್ತದೆ. ಅದಕ್ಕೆ ಮುಂಚೆ ಅಲ್ಲಿ ಏನಾಯಿತು ಅಂತ ಸ್ವಲ್ಪ ನೋಡೋಣ.

ಮಿಸಿಸಿಪ್ಪಿ ನದಿ ವಿಕ್ಸ್‌ಬರ್ಗ್ ಹತ್ತಿರ ಆಗ ಹೇರ್‌ಪಿನ್ನಿನಂತೆ ತಿರುಗುತ್ತಿತ್ತು. ಹಡಗುಗಳು ಆ ತಿರುವಿನಲ್ಲಿ ವೇಗ ಕಡಿಮೆ ಮಾಡಲೇಬೇಕು. ತಿರುವಿನ ಮೇಲೆ ಎತ್ತರದ ದಿಬ್ಬಗಳು. ದಿಬ್ಬದ ಮೇಲೆ ಫಿರಂಗಿಗಳು. ಗುಲಾಮಗಿರಿಯನ್ನು ಉಳಿಸಿಕೊಳ್ಳಲು ದೇಶದಿಂದ ಸಿಡಿದು ಹೋದ ದಕ್ಷಿಣದ ರಾಜ್ಯಗಳು ಆ ದಿಬ್ಬಗಳನ್ನು ಹಿಡಿದುಕೊಂಡಿದ್ದವು. ಅಲ್ಲಿಂದ ಅವರು ಇಡೀ ನದಿಗೆ ಬೀಗ ಹಾಕಿದ್ದರು ಅಂದರೆ ತಪ್ಪಿಲ್ಲ. ಇಲಿನಾಯ್‌ನ ರೈತರಿಗೆ ಇದು ದೂರದ ಸುದ್ದಿಯಾಗಿರಲಿಲ್ಲ. ಅವರ ಮೆಕ್ಕೆಜೋಳ, ಹಂದಿಮಾಂಸ ನ್ಯೂ ಆರ್ಲಿಯನ್ಸ್‌ಗೆ ಹೋಗುತ್ತಿದ್ದುದು ಇದೇ ನದಿಯಲ್ಲಿ. ತಮ್ಮ ಮನೆಮುಂದಿನ ದಾರಿಯನ್ನೇ ಯಾರೋ ಮುಚ್ಚಿದ ಹಾಗಾಗಿತ್ತು.

ಇಲ್ಲಿ ನಮ್ಮ ನಾಡಿನ ಒಂದು ಎಳೆಯೂ ಇದೆ. ಈ ನದಿಯಲ್ಲಿ ಹೋಗುತ್ತಿದ್ದ ಮುಖ್ಯ ಸರಕು ಹತ್ತಿ. ಯುದ್ಧದಿಂದ ಅಮೆರಿಕದ ಹತ್ತಿ ಬರುವುದು ನಿಂತಾಗ ಇಂಗ್ಲೆಂಡಿನ ಲ್ಯಾಂಕಷೈರ್ ಗಿರಣಿಗಳು ಭಾರತದ ಕಡೆ ತಿರುಗಿದವು. ಧಾರವಾಡ ಸೀಮೆಯಲ್ಲಿ ಹತ್ತಿ ಬೆಲೆ ಏರಿಬಿಟ್ಟಿತು. ಅಲ್ಲಿ 1840ರ ದಶಕದಿಂದಲೇ ನ್ಯೂ ಆರ್ಲಿಯನ್ಸ್ ತಳಿಯ ಅಮೆರಿಕನ್ ಬೀಜ ಬಿತ್ತುತ್ತಿದ್ದರು. ಜನ ಅದನ್ನು ವಿಲಾಯತಿ ಹತ್ತಿ ಅನ್ನುತ್ತಿದ್ದರು. ಊರಿನ ಹಳೇ ತಳಿ ಜವಾರಿ ಹತ್ತಿ. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತ್ಯದಿಂದ ತೆಗೆದು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದ್ದಕ್ಕೂ ಕಾರವಾರ ಬಂದರಿನ ಮೂಲಕ ಧಾರವಾಡದ ಹತ್ತಿ ಸಾಗಿಸುವ ಆಸೆಯೇ ಒಂದು ಕಾರಣ. 1865ರಲ್ಲಿ ಯುದ್ಧ ಮುಗಿದಾಗ ಬೆಲೆ ಕುಸಿಯಿತು. ಮಿಸಿಸಿಪ್ಪಿ ದಡದಲ್ಲಿ ನಡೆದ ಜಗಳದ ಬಿಸಿ ನಮ್ಮ ಎರೆಹೊಲದ ರೈತನಿಗೂ ತಟ್ಟಿತ್ತು.

ಸರಿ, ವಿಕ್ಸ್‌ಬರ್ಗ್‌ಗೆ ವಾಪಸ್ ಬರೋಣ. ಉತ್ತರದ ಸೇನಾಪತಿ ಯೂಲಿಸಿಸ್ ಗ್ರಾಂಟ್ ಯುದ್ಧಕ್ಕೆ ಮುಂಚೆ ಇಲಿನಾಯ್‌ನ ಗಲೀನಾ ಊರಿನಲ್ಲಿ ಅಪ್ಪನ ಚರ್ಮದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದವರು. ಯುದ್ಧದಲ್ಲಿ ಅವರ ಕೈಗೆ ಮೊದಲು ಸಿಕ್ಕಿದ್ದು 21ನೇ ಇಲಿನಾಯ್ ರೆಜಿಮೆಂಟು. 1862ರ ಚಳಿಗಾಲದಿಂದ ಅವರು ವಿಕ್ಸ್‌ಬರ್ಗ್ ಹಿಡಿಯಲು ಒಂದಾದ ಮೇಲೊಂದು ದಾರಿ ಹುಡುಕಿದರು. ಜೌಗು ನೆಲದಲ್ಲಿ ಸಿಕ್ಕಿಹಾಕಿಕೊಂಡರು. ಕಾಲುವೆ ತೋಡಿ ನೋಡಿದರು. ಯಾವುದೂ ಫಲಿಸಲಿಲ್ಲ. 1863ರ ಏಪ್ರಿಲ್ 16ರ ರಾತ್ರಿ ಅವರ ಕಡೆಯ ಹಡಗುಗಳು ಫಿರಂಗಿಗಳ ಕೆಳಗೇ ನುಗ್ಗಿ ದಕ್ಷಿಣಕ್ಕೆ ಹೋದವು. ಏಪ್ರಿಲ್ 30ರಂದು ಸೈನ್ಯ ನದಿ ದಾಟಿತು. ಮುಂದೆ ಮೂರು ವಾರದೊಳಗೆ ಐದು ಕದನ. ಮೇ 18ಕ್ಕೆ ಊರಿನ ಬಾಗಿಲಿಗೆ ಬಂದರು.

ಮೇ 19ರಂದು ನೇರ ದಾಳಿ ಮಾಡಿದರು, ಸೋತರು. ಮೇ 22ರಂದು ಮತ್ತೆ ಮಾಡಿದರು. ಆ ಒಂದೇ ದಿನ ಗ್ರಾಂಟ್ ಕಡೆ ಸತ್ತವರು, ಗಾಯಗೊಂಡವರು, ಸಿಕ್ಕಿಬಿದ್ದವರು ಸೇರಿ 3,000ಕ್ಕೂ ಜಾಸ್ತಿ. ಆಮೇಲೆ ಉಳಿದಿದ್ದು ಮುತ್ತಿಗೆ ಮಾತ್ರ. ಅಲ್ಲಿನ ಮಣ್ಣು ವಿಚಿತ್ರದ್ದು. ಕಡಿದರೆ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ, ಕುಸಿಯುವುದಿಲ್ಲ. ಸೈನಿಕರು ಅದರಲ್ಲಿ ಕಂದಕ ತೋಡುತ್ತಾ ದಿನಕ್ಕಿಷ್ಟು ಅಂತ ಮುಂದೆ ಹೋದರು. ಊರಿನ ಜನ ಅದೇ ಮಣ್ಣಿನಲ್ಲಿ ಗುಹೆ ತೋಡಿ ಒಳಗೆ ಬದುಕಿದರು. ಹೇಸರಗತ್ತೆಯ ಮಾಂಸ ತಿಂದರು. ಊರಿನ ಪತ್ರಿಕೆಗೆ ಕಾಗದ ಸಿಗದೆ ಗೋಡೆಗೆ ಅಂಟಿಸುವ ಹೂವಿನ ಚಿತ್ತಾರದ ಕಾಗದದ ಹಿಂಬದಿಯಲ್ಲಿ ಸುದ್ದಿ ಅಚ್ಚು ಹಾಕಿದರು.

ಜುಲೈ 4ರಂದು ದಕ್ಷಿಣದ ಸೇನಾಪತಿ ಜಾನ್ ಪೆಂಬರ್ಟನ್ ಶರಣಾದರು. ಜೊತೆಗೆ ಸುಮಾರು 29,500 ಸೈನಿಕರು. ಪೆಂಬರ್ಟನ್ ಹುಟ್ಟಿದ್ದು ಉತ್ತರದ ಪೆನ್ಸಿಲ್ವೇನಿಯಾದಲ್ಲಿ. ಹೆಂಡತಿಯ ಕಡೆಯವರು ವರ್ಜೀನಿಯಾದವರು. ಅಂತರ್ಯುದ್ಧ ಅಂದರೆ ಹೀಗೇ, ಮನೆಯ ನಡುವೆಯೇ ಗಡಿ ಹಾದುಹೋಗುತ್ತದೆ. ಮೇ 18ರಿಂದ ಜುಲೈ 4ರವರೆಗಿನ ಮುತ್ತಿಗೆಗೆ ಹಿಡಿಯುವ ಲೆಕ್ಕ 47 ದಿನ. ಸ್ಮಾರಕದ 47 ಮೆಟ್ಟಿಲಿನ ಅರ್ಥ ಇದು. ದಿನಕ್ಕೊಂದು ಮೆಟ್ಟಿಲು.

ಇದರ ಜೊತೆ ಒಂದು ವಿಷಯ ಸೇರಿಸಲೇಬೇಕು. ಇಷ್ಟೆಲ್ಲ ರಕ್ತ ಹರಿದಿದ್ದು ನದಿಯ ಆ ತಿರುವಿಗಾಗಿ. ಹದಿಮೂರು ವರ್ಷ ಕಳೆದು 1876ರಲ್ಲಿ ನದಿಯೇ ಆ ತಿರುವನ್ನು ಕಡಿದುಕೊಂಡು ಬೇರೆ ದಾರಿ ಹಿಡಿಯಿತು. ಊರು ನೀರಿಲ್ಲದೆ ನಿಂತಿತು. 1903ರಲ್ಲಿ ಕಾಲುವೆ ತೋಡಿ ಯಾಜೂ ನದಿಯ ನೀರನ್ನು ಊರಿನ ಮುಂದೆ ತಂದರು. ಇವತ್ತು ನೀವು ವಿಕ್ಸ್‌ಬರ್ಗ್ ಪೇಟೆಯ ಬುಡದಲ್ಲಿ ನೋಡುವ ನೀರು ಆ ಕಾಲುವೆಯದು.

ಈಗ ಒಂದು ಪ್ರಶ್ನೆ ಏಳಬೇಕು. ಯುದ್ಧ ನಡೆದಿದ್ದು ದೇಶಕ್ಕಾಗಿ. ಗೆದ್ದಿದ್ದು ದೇಶದ ಸೈನ್ಯ. ಹಾಗಾದರೆ ಒಂದೊಂದು ರಾಜ್ಯ ತನ್ನದೇ ಸ್ಮಾರಕ ಯಾಕೆ ಕಟ್ಟಿತು?

ಯಾಕಂದರೆ ಸೈನ್ಯ ಸೇರಿದ್ದೇ ಹಾಗೆ. ಲಿಂಕನ್ ಕರೆ ಕೊಟ್ಟಾಗ ದಂಡು ಕಟ್ಟಿದವರು ರಾಜ್ಯಪಾಲರು. ಒಂದೇ ಕೌಂಟಿಯ, ಒಂದೇ ಊರಿನ ಹುಡುಗರು ಒಟ್ಟಿಗೆ ಹೆಸರು ಬರೆಸಿದರು. ಅಣ್ಣತಮ್ಮಂದಿರು, ಮೇಷ್ಟ್ರು ಮತ್ತು ಶಿಷ್ಯರು, ಅಂಗಡಿಯವನು ಮತ್ತು ಅವನ ಗಿರಾಕಿ ಒಂದೇ ಕಂಪನಿಯಲ್ಲಿ, ಅಂದರೆ ರೆಜಿಮೆಂಟಿನ ಒಂದೇ ತುಕಡಿಯಲ್ಲಿ. ಗಲೀನಾ ಸುತ್ತಲಿನ ಸೀಸದ ಗಣಿಗಳ ಊರುಗಳಿಂದ ಬಂದ 45ನೇ ಇಲಿನಾಯ್‌ಗೆ ಸೀಸದ ಗಣಿ ರೆಜಿಮೆಂಟು ಅಂತಲೇ ಹೆಸರು. ಇಡೀ ಯುದ್ಧಕ್ಕೆ ಇಲಿನಾಯ್ ಕಳಿಸಿದ್ದು ಎರಡೂವರೆ ಲಕ್ಷಕ್ಕೂ ಜಾಸ್ತಿ ಜನರನ್ನು. ಒಂದು ರೆಜಿಮೆಂಟಿಗೆ ಒಂದು ದಿನ ಕೆಟ್ಟದಾದರೆ ಒಂದು ಊರಿಗೇ ಊರು ಮೈಲಿಗೆ ಕೂರುತ್ತಿತ್ತು. ಆದ್ದರಿಂದ ನೆನಪೂ ರಾಜ್ಯದ್ದು, ಊರಿನದ್ದು.

1899ರ ಫೆಬ್ರುವರಿ 21ರಂದು ವಿಕ್ಸ್‌ಬರ್ಗ್ ರಣರಂಗವನ್ನು ರಾಷ್ಟ್ರೀಯ ಸೈನಿಕ ಉದ್ಯಾನ ಅಂತ ಘೋಷಿಸಿದರು. ಆಮೇಲೆ ರಾಜ್ಯಗಳು ಪೈಪೋಟಿಯಲ್ಲಿ ಬಂದವು. ಇವತ್ತು ಅಲ್ಲಿ ಕಲ್ಲು, ಕಂಚು, ಫಲಕ ಎಲ್ಲ ಸೇರಿ 1,300ಕ್ಕೂ ಹೆಚ್ಚು ಗುರುತುಗಳಿವೆ. ಇಲಿನಾಯ್ ತನ್ನ ಸ್ಮಾರಕಕ್ಕೆ ಸುಮಾರು 1,94,000 ಡಾಲರ್ ಖರ್ಚು ಮಾಡಿತು. ಆ ಕಾಲಕ್ಕೆ ಅದು ಬಹಳ ದೊಡ್ಡ ಮೊತ್ತ. 1906ರ ಅಕ್ಟೋಬರ್ 26ರಂದು ಅದನ್ನು ಅರ್ಪಿಸಿದರು.

ವಿನ್ಯಾಸ ವಿಲಿಯಂ ಲೆ ಬ್ಯಾರನ್ ಜೆನ್ನಿ ಅವರದು. ಶಿಲ್ಪದ ಕೆಲಸ ಚಾರ್ಲ್ಸ್ ಮಲ್ಲಿಗನ್ ಅವರದು. ಷಿಕಾಗೊದವರಿಗೆ ಜೆನ್ನಿ ಹೆಸರು ಗೊತ್ತಿರಬಹುದು. 1885ರಲ್ಲಿ ಉಕ್ಕಿನ, ಕಬ್ಬಿಣದ ಚೌಕಟ್ಟಿನ ಮೇಲೆ ಹೋಮ್ ಇನ್ಶೂರೆನ್ಸ್ ಕಟ್ಟಡ ನಿಲ್ಲಿಸಿದವರು ಅವರೇ. ಗಗನಚುಂಬಿ ಕಟ್ಟಡಗಳ ಪಿತಾಮಹ ಅಂತ ಅವರನ್ನು ಕರೆಯುತ್ತಾರೆ. ಆದರೆ ಇಲ್ಲಿ ನನಗೆ ಮುಖ್ಯ ಅನ್ನಿಸುವುದು ಬೇರೆ. ಜೆನ್ನಿ ಯುದ್ಧದಲ್ಲಿ ಗ್ರಾಂಟ್ ಮತ್ತು ಉತ್ತರದ ಇನ್ನೊಬ್ಬ ಸೇನಾಪತಿ ಷರ್ಮನ್ ಕೈಕೆಳಗೆ ಎಂಜಿನಿಯರ್ ಆಗಿದ್ದವರು. ವಿಕ್ಸ್‌ಬರ್ಗ್ ದಂಡಯಾತ್ರೆಯನ್ನು ಕಣ್ಣಾರೆ ಕಂಡವರು. ನಲವತ್ತು ವರ್ಷ ಕಳೆದ ಮೇಲೆ, ಮುಪ್ಪಿನಲ್ಲಿ, ಈ ಸ್ಮಾರಕದ ನಕ್ಷೆ ಬರೆದರು. ಅದು ಪೂರ್ತಿಯಾದ ಮರುವರ್ಷವೇ ತೀರಿಕೊಂಡರು.

ಯುದ್ಧ ಕಂಡವರು ಮಾಡಿದ ಸ್ಮಾರಕ ಹೇಗಿದೆ ನೋಡಿ. ಕತ್ತಿ ಎತ್ತಿ ಹಿಡಿದ ಸೇನಾಪತಿ ಇಲ್ಲ. ಗುಂಡು ಹಾರಿಸುವ ಸೈನಿಕ ಇಲ್ಲ. ಯುದ್ಧದ ಯಾವ ಸಲಕರಣೆಯ ಗುರುತೂ ಬೇಡ ಅನ್ನುವ ಯೋಚನೆ ಅದರಲ್ಲಿ ಎದ್ದು ಕಾಣುತ್ತದೆ. ಮುಂಭಾಗದ ಮೇಲೆ ಚಿನ್ನದ ಲೇಪದ ಒಂದು ಕಂಚಿನ ಹದ್ದು ಇದೆ. ಒಳಗೆ ಮುಖ್ಯವಾಗಿ ಕಾಣುವುದು ಹೆಸರು. ಸತ್ತವರದ್ದು ಮಾತ್ರ ಅಲ್ಲ, ಆ ದಂಡಯಾತ್ರೆಗೆ ಬಂದ ಇಲಿನಾಯ್‌ನ ಎಲ್ಲರದ್ದೂ. ಬದುಕಿ ಮನೆಗೆ ಹೋದವನದ್ದೂ ಇದೆ, ಜ್ವರ ಬಂದು ಮಲಗಿದವನದ್ದೂ ಇದೆ, ಅಡುಗೆ ಮಾಡಿದವನದ್ದೂ ಇದೆ. ರೆಜಿಮೆಂಟು, ಕಂಪನಿ ಪ್ರಕಾರ ಜೋಡಿಸಿದ್ದಾರೆ. ಯುದ್ಧಸ್ಮಾರಕಗಳಲ್ಲಿ ಇದು ಬಹಳ ಒಳ್ಳೆಯ ತೀರ್ಮಾನ ಅಂತ ನಾನು ನಂಬಿದ್ದೇನೆ. ಶೌರ್ಯವನ್ನು ಅಳೆಯುವ ಕೆಲಸಕ್ಕೆ ಅದು ಕೈ ಹಾಕಲಿಲ್ಲ. ಬಂದೆಯಾ, ನಿನ್ನ ಹೆಸರು ಇಲ್ಲಿದೆ ಅಂದಿತು.

ಸ್ಮಾರಕ ನಿಂತಿರುವ ಜಾಗ ನೋಡಿ. ಪಕ್ಕದಲ್ಲೇ ಷರ್ಲಿ ಮನೆ ಅಂತ ಒಂದು ಬಿಳಿಯ ಮರದ ಮನೆ ಇದೆ. ಉದ್ಯಾನದೊಳಗೆ ಯುದ್ಧಕಾಲದಿಂದ ಉಳಿದಿರುವ ಒಂದೇ ಕಟ್ಟಡ ಅದು. ಮುತ್ತಿಗೆ ವೇಳೆ ಆ ಮನೆ ಪಕ್ಕದ ಇಳಿಜಾರಿನಲ್ಲಿ 45ನೇ ಇಲಿನಾಯ್‌ನವರು ಬಿಲಗಳನ್ನು ತೋಡಿಕೊಂಡು ಬದುಕಿದರು. ಆಗಿನ ಒಂದು ಫೋಟೋ ಉಳಿದಿದೆ. ಮೇಲೆ ಮನೆ, ಕೆಳಗೆ ಗುಡ್ಡದ ತುಂಬ ಬಿಲಗಳು. ಅವುಗಳ ನಡುವೆ ಸೈನಿಕರು. ಇವರು ಗಣಿ ಕೆಲಸ ಬಲ್ಲವರು. ಎದುರಿನ ಕೋಟೆಯ ಕೆಳಗೆ ಸುರಂಗ ತೋಡಿ ಮದ್ದು ತುಂಬಿದಾಗ ಈ ಕೈಚಳಕ ಕೆಲಸಕ್ಕೆ ಬಂತು. ಜೂನ್ 25ರಂದು 2,200 ಪೌಂಡ್ ಮದ್ದು ಸಿಡಿಯಿತು. ಎದ್ದ ಹಳ್ಳದೊಳಗೆ ಮೊದಲು ನುಗ್ಗಿದವರು 45ನೇ ಇಲಿನಾಯ್‌ನವರು. ಹಳ್ಳದ ಆಚೆ ದಕ್ಷಿಣದವರು ಇನ್ನೊಂದು ಗೋಡೆ ಕಟ್ಟಿಕೊಂಡು ಕಾಯುತ್ತಿದ್ದರು. ಮೇಲಿನಿಂದ ಸಿಡಿಗುಂಡುಗಳನ್ನು ಬತ್ತಿ ಹಚ್ಚಿ ಉರುಳಿಸಿಬಿಟ್ಟರು. ಉತ್ತರದವರು ಮಾರನೇ ದಿನದವರೆಗೂ ಸರದಿಯ ಮೇಲೆ ಹೋಗಿ ಹೋಗಿ ಸತ್ತರು. ಒಂದು ಅಂಗುಲವೂ ಗೆಲ್ಲಲಿಲ್ಲ.

ಫಲಕದ ಹೆಸರುಗಳಲ್ಲಿ ಎರಡನ್ನು ನಿಮಗೆ ಪರಿಚಯ ಮಾಡಿಸಬೇಕು.

ಮೊದಲನೆಯದು ಥಾಮಸ್ ಹಿಗ್ಗಿನ್ಸ್, 99ನೇ ಇಲಿನಾಯ್. ಮೇ 22ರ ದಾಳಿಯಲ್ಲಿ ಬಾವುಟ ಹಿಡಿದವರು. ಜೊತೆಗಾರರೆಲ್ಲ ಬಿದ್ದರು, ಇಲ್ಲವೇ ಹಿಂದೆ ಸರಿದರು. ಹಿಗ್ಗಿನ್ಸ್ ಮಾತ್ರ ಬಾವುಟ ಹಿಡಿದು ಒಬ್ಬರೇ ಮುಂದೆ ಬರುತ್ತಲೇ ಇದ್ದರು. ಎದುರಿಗೆ ಟೆಕ್ಸಸ್‌ನ ಸೈನಿಕರು. ನೂರಾರು ಬಂದೂಕು ಅವರತ್ತ ತಿರುಗಿದ್ದವು. ಕೊನೆಗೆ ಆ ಟೆಕ್ಸಸ್‌ನವರೇ ಗುಂಡು ಹಾರಿಸುವುದು ನಿಲ್ಲಿಸಿ, ಬಾ ಬಾ ಅಂತ ಕೂಗಿ, ಕೈ ಹಿಡಿದು ಗೋಡೆಯೊಳಗೆ ಎಳೆದುಕೊಂಡರು. ಸೆರೆ ಹಿಡಿದರು, ನಿಜ. ಆದರೆ ಹಿಗ್ಗಿನ್ಸ್‌ಗೆ 1898ರಲ್ಲಿ ದೇಶದ ಅತಿ ದೊಡ್ಡ ಶೌರ್ಯಪದಕ ಸಿಕ್ಕಿದ್ದು ಅವತ್ತು ಎದುರಾಳಿಗಳಾಗಿದ್ದವರ ಸಾಕ್ಷಿಯಿಂದ.

ಎರಡನೆಯ ಹೆಸರು ಆಲ್ಬರ್ಟ್ ಡಿ. ಜೆ. ಕ್ಯಾಷಿಯರ್, 95ನೇ ಇಲಿನಾಯ್, ಜಿ ಕಂಪನಿ. 1862ರ ಆಗಸ್ಟ್‌ನಲ್ಲಿ ಬೆಲ್ವಿಡಿಯರ್ ಊರಿನಲ್ಲಿ ಸೈನ್ಯ ಸೇರಿದರು. ಕಂಪನಿಯಲ್ಲೆಲ್ಲ ಗಿಡ್ಡ ಆಳು. ಮುತ್ತಿಗೆ ಸಮಯದಲ್ಲಿ ಶತ್ರುಗಳ ಕೈಗೆ ಸಿಕ್ಕಿಬಿದ್ದು, ಕಾವಲುಗಾರನ ಬಂದೂಕು ಕಿತ್ತುಕೊಂಡು ತಪ್ಪಿಸಿಕೊಂಡು ಬಂದವರು ಅಂತ ಜೊತೆಗಾರರು ಹೇಳುತ್ತಿದ್ದರು. 1865ರ ಆಗಸ್ಟ್‌ವರೆಗೆ ಪೂರ್ತಿ ಮೂರು ವರ್ಷ ದುಡಿದರು. ಆಮೇಲೆ ಸಾನಮಿನ್ ಎಂಬ ಸಣ್ಣ ಊರಿನಲ್ಲಿ ನೆಲೆಸಿದರು. ಬೀದಿ ದೀಪ ಹಚ್ಚಿದರು, ಚರ್ಚು ಗುಡಿಸಿದರು, ತೋಟದ ಕೆಲಸ ಮಾಡಿದರು. ಚುನಾವಣೆಯಲ್ಲಿ ವೋಟು ಹಾಕಿದರು. ಸೈನಿಕನ ಪಿಂಚಣಿ ಪಡೆದರು.

ಆಲ್ಬರ್ಟ್ ಹುಟ್ಟಿದ್ದು 1843ರಲ್ಲಿ, ಐರ್ಲೆಂಡಿನ ಕ್ಲಾಗರ್‌ಹೆಡ್ ಎಂಬ ಕಡಲ ತೀರದ ಹಳ್ಳಿಯಲ್ಲಿ. ಹುಟ್ಟಿದಾಗ ಇಟ್ಟ ಹೆಸರು ಜೆನ್ನಿ ಹಾಡ್ಜರ್ಸ್. ಹೆಣ್ಣು ಮಗು. ಗಂಡಸಾಗಿ ಸೈನ್ಯ ಸೇರಿ, ಯುದ್ಧ ಮುಗಿದ ಮೇಲೂ ಗಂಡಸಾಗಿಯೇ ಬದುಕಿದರು. 1911ರಲ್ಲಿ ಒಂದು ಕಾರು ತಗುಲಿ ಕಾಲು ಮುರಿಯಿತು. ನೋಡಿದ ಡಾಕ್ಟರಿಗೆ ವಿಷಯ ಗೊತ್ತಾಯಿತು. ಅವರು ಬಾಯಿ ಬಿಡಲಿಲ್ಲ. ಕ್ವಿನ್ಸಿಯ ಸೈನಿಕರ ಆಶ್ರಯಮನೆಗೆ ಸೇರಿಸಿದರು. 1914ರಲ್ಲಿ ಮನಸ್ಸು ಕೆಟ್ಟಿದೆ ಅಂತ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಈ ಎಪ್ಪತ್ತರ ಮುದಿ ಸೈನಿಕನಿಗೆ ಬಲವಂತವಾಗಿ ಹೆಂಗಸರ ಬಟ್ಟೆ ಹಾಕಿದರು. ಸುದ್ದಿ ಪೇಪರುಗಳಿಗೆ ಹೋಯಿತು. ಪಿಂಚಣಿ ಇಲಾಖೆ ಮೋಸವಿರಬೇಕು ಅಂತ ವಿಚಾರಣೆ ಶುರು ಮಾಡಿತು.

ಆಗ 95ನೇ ಇಲಿನಾಯ್‌ನ ಹಳೇ ಸೈನಿಕರು ಮುಂದೆ ಬಂದರು. ಇವರು ನಮ್ಮ ಜೊತೆ ಕಾದಿದ ಆಲ್ಬರ್ಟೇ ಅಂತ ಸಾಕ್ಷಿ ನುಡಿದರು. ಪಿಂಚಣಿ ನಿಲ್ಲಲಿಲ್ಲ. 1915ರ ಅಕ್ಟೋಬರ್‌ನಲ್ಲಿ ಆಲ್ಬರ್ಟ್ ತೀರಿಕೊಂಡಾಗ ಸೈನಿಕನ ಸಮವಸ್ತ್ರದಲ್ಲೇ ಸಾನಮಿನ್‌ನಲ್ಲಿ ಮಣ್ಣು ಮಾಡಿದರು. ಸಮಾಧಿ ಕಲ್ಲಿನ ಮೇಲೂ ಅದೇ ಹೆಸರು, ಅದೇ ಕಂಪನಿ, ಅದೇ ರೆಜಿಮೆಂಟು ಬರೆಸಿದರು.

1906ರಲ್ಲಿ ವಿಕ್ಸ್‌ಬರ್ಗ್‌ನಲ್ಲಿ ಆ ಹೆಸರನ್ನು ಕಂಚಿನಲ್ಲಿ ಎರಕ ಹೊಯ್ದವರಿಗೆ ಇದೊಂದೂ ಗೊತ್ತಿರಲಿಲ್ಲ. ದಾಖಲೆ ಪುಸ್ತಕದಲ್ಲಿ ಹೆಸರಿತ್ತು, ಹಾಕಿದರು. ಸ್ಮಾರಕ ಯೋಗ್ಯರನ್ನು ಆರಿಸಿ ಬರೆಯುವ ಸ್ಮಾರಕವಾಗಿದ್ದರೆ ಒಬ್ಬ ಬಡ ಸಿಪಾಯಿಯ ಹೆಸರು ಅಲ್ಲಿ ಬರುತ್ತಿತ್ತಾ? ಎಲ್ಲರನ್ನೂ ಬರೆಯುತ್ತೇವೆ ಅಂತ ಹೊರಟಿದ್ದರಿಂದಲೇ ಆಲ್ಬರ್ಟ್‌ಗೆ ಜಾಗ ಸಿಕ್ಕಿತು. ಗುಟ್ಟು ಹೊರಬಿದ್ದ ಮೇಲೂ ಆ ಹೆಸರು ಅಲ್ಲೇ ಉಳಿಯಿತು.

ಇಷ್ಟು ಹೇಳಿ ಮುಗಿಸಿದರೆ ಅರ್ಧ ಸತ್ಯ ಹೇಳಿದ ಹಾಗೆ. ಎಲ್ಲರನ್ನೂ ಅಂದೆನಲ್ಲ, ಆ ಎಲ್ಲರೂ ಯಾರು?

1860ರ ಜನಗಣತಿಯಲ್ಲಿ ಮಿಸಿಸಿಪ್ಪಿ ರಾಜ್ಯದಲ್ಲಿದ್ದ ಗುಲಾಮರ ಸಂಖ್ಯೆ 4,36,631. ರಾಜ್ಯದ ಜನಸಂಖ್ಯೆಯಲ್ಲಿ ಅರ್ಧಕ್ಕಿಂತ ಜಾಸ್ತಿ. ಯುದ್ಧ ನಡೆದಿದ್ದೇ ಅವರ ಬದುಕಿನ ಪ್ರಶ್ನೆಯ ಮೇಲೆ. ಇಲಿನಾಯ್ ಗುಲಾಮಗಿರಿ ಇಲ್ಲದ ರಾಜ್ಯ, ಲಿಂಕನ್ ಅವರ ರಾಜ್ಯ, ಸರಿ. ಆದರೆ 1853ರಲ್ಲಿ ಇದೇ ಇಲಿನಾಯ್ ಹೊರಗಿನ ಕಪ್ಪು ಜನ ರಾಜ್ಯದೊಳಗೆ ಬಂದು ನೆಲೆಸಬಾರದು ಅಂತ ಕಾನೂನು ಮಾಡಿತ್ತು. ಅದನ್ನು ಶಾಸನಸಭೆಯಲ್ಲಿ ಮುಂದೆ ನಿಂತು ತಂದವರು ಜಾನ್ ಲೋಗನ್. ಹತ್ತು ವರ್ಷದ ಮೇಲೆ, ಈಗ ಸ್ಮಾರಕ ಇರುವ ಜಾಗದಲ್ಲೇ, ದಂಡಿನ ನಾಯಕರಾಗಿದ್ದವರೂ ಅದೇ ಲೋಗನ್. ಯುದ್ಧ ಅವರನ್ನು ಬದಲಿಸಿತು. ಮುಂದೆ ಅವರು ಕಪ್ಪು ಜನರ ಹಕ್ಕುಗಳ ಪರ ನಿಂತರು. 1868ರಲ್ಲಿ ಮಡಿದ ಸೈನಿಕರ ಸಮಾಧಿಗಳಿಗೆ ಹೂವಿಡುವ ದಿನಕ್ಕೆ ಕರೆ ಕೊಟ್ಟವರೂ ಅವರೇ. ನಿಮ್ಮ ಮೇ ತಿಂಗಳ ಮೆಮೋರಿಯಲ್ ಡೇ ರಜೆಗೆ ಬುನಾದಿ ಅದು. ಇಲಿನಾಯ್‌ನ ಆ ಕಾನೂನು ಮಾತ್ರ 1865ರವರೆಗೂ ಬದುಕಿತ್ತು.

ಹೀಗಾಗಿ 1863ರ ಮೇ ತಿಂಗಳಲ್ಲಿ ಇಲಿನಾಯ್‌ನ ಕಪ್ಪು ರೆಜಿಮೆಂಟು ಅಂತ ಒಂದು ಇರಲೇ ಇಲ್ಲ. ಕಪ್ಪು ಸೈನಿಕರ ದಂಡು ಕಟ್ಟಲು ಕೇಂದ್ರ ಸರ್ಕಾರ ಪ್ರತ್ಯೇಕ ಇಲಾಖೆ ತೆರೆಯುವ ಆದೇಶ ಹೊರಡಿಸಿದ್ದು 1863ರ ಮೇ 22ರಂದು. ಹೌದು, ವಿಕ್ಸ್‌ಬರ್ಗ್‌ನ ದೊಡ್ಡ ದಾಳಿ ನಡೆದ ಅದೇ ದಿನ. ಆದರೆ ಆದೇಶಕ್ಕೆ ಮೊದಲೇ ಲೂಯಿಸಿಯಾನಾ, ಮಿಸಿಸಿಪ್ಪಿ ತೋಟಗಳಿಂದ ಬಿಡಿಸಿಕೊಂಡು ಬಂದವರು ಗ್ರಾಂಟ್ ಸೈನ್ಯದ ಹತ್ತಿರ ಬಂದೂಕು ಹಿಡಿದಿದ್ದರು. ಜೂನ್ 7ರಂದು, ವಿಕ್ಸ್‌ಬರ್ಗ್‌ನಿಂದ ನದಿಯ ಮೇಲ್ಗಡೆ ಇರುವ ಮಿಲಿಕೆನ್ಸ್ ಬೆಂಡ್ ಎಂಬಲ್ಲಿ ದಕ್ಷಿಣದ ಸೈನ್ಯ ಅವರ ಮೇಲೆ ಬಿತ್ತು. ಬಂದೂಕು ಕೈಗೆ ಬಂದು ಕೆಲವೇ ವಾರ ಆಗಿತ್ತು. ಕೈಕೈ ಮಿಲಾಯಿಸಿ, ಬಂದೂಕಿನ ಹಿಡಿಯಲ್ಲೇ ಹೊಡೆದಾಡಿದರು. ಈ ಕಪ್ಪು ಸೈನಿಕರ ಒಂಬತ್ತನೇ ಲೂಯಿಸಿಯಾನಾ ರೆಜಿಮೆಂಟಿನ ಸಾವುನೋವು ಭಯಂಕರ. ಆದರೆ ದಡ ಬಿಟ್ಟುಕೊಡಲಿಲ್ಲ.

ಇನ್ನೊಂದು ಘಟನೆ ಇಲಿನಾಯ್ ಸ್ಮಾರಕದ ಪಕ್ಕದ ನೆಲದ್ದೇ. ಮೊದಲ ಸುರಂಗ ಸಿಡಿದ ಮೇಲೆ ದಕ್ಷಿಣದವರು ಗುಲಾಮರ ಕೈಯಲ್ಲಿ ಎದುರು ಸುರಂಗ ತೋಡಿಸುತ್ತಿದ್ದರು. ಜುಲೈ 1ರಂದು ಗ್ರಾಂಟ್ ಕಡೆಯವರು ಇನ್ನೊಂದು ಮದ್ದು ಸಿಡಿಸಿದರು. ತೋಡುತ್ತಿದ್ದವರು ಮಣ್ಣಿನಲ್ಲಿ ಹೂತುಹೋದರು. ಒಬ್ಬರು ಮಾತ್ರ ಗಾಳಿಯಲ್ಲಿ ಎಗರಿ ಉತ್ತರದವರ ಕಡೆ ಬಿದ್ದು ಜೀವಂತ ಉಳಿದರು. ಆಬ್ರಹಾಂ ಅಂತ ಅವರ ಹೆಸರು. ಅಷ್ಟೇ ಹೆಸರು ನಮಗೆ ಸಿಕ್ಕಿರುವುದು. ಗುಲಾಮರಾಗಿ ಒಂದು ಸುರಂಗಕ್ಕೆ ಇಳಿದು, ಸ್ವತಂತ್ರರಾಗಿ ನೆಲಕ್ಕೆ ಬಿದ್ದವರು. 36,325 ಹೆಸರುಗಳಿರುವ ಗುಮ್ಮಟದ ಹತ್ತಿರದಲ್ಲೇ ಇದು ನಡೆದಿದ್ದು.

1906ರ ಕಾಲವನ್ನು ನೆನಪಿಡಿ. ಆ ದಿನಗಳಲ್ಲಿ ಎರಡೂ ಕಡೆಯ ಹಳೇ ಸೈನಿಕರು ಕೈ ಕುಲುಕಿ ಒಂದಾಗುತ್ತಿದ್ದರು. ಲಿಂಕನ್ 1865ರ ಮಾರ್ಚ್‌ನಲ್ಲಿ ಆಡಿದ ಮಾತು, ಯಾರ ಮೇಲೂ ಹಗೆ ಬೇಡ, ಎಲ್ಲರ ಮೇಲೂ ದಯೆ ಇರಲಿ ಎಂಬುದು, ಅಂಥ ಸಭೆಗಳಿಗೆ ಬಹಳ ಇಷ್ಟದ್ದಾಗಿತ್ತು. ಅದೇ ಭಾಷಣದಲ್ಲಿ ಅದಕ್ಕೆ ಸ್ವಲ್ಪ ಮೊದಲು ಲಿಂಕನ್ ಇನ್ನೊಂದು ಮಾತು ಹೇಳಿದ್ದರು. ಚಾವಟಿ ಹರಿಸಿದ ಒಂದೊಂದು ಹನಿ ರಕ್ತಕ್ಕೂ ಕತ್ತಿ ಹರಿಸುವ ರಕ್ತ ತೆರಬೇಕು ಅಂತ ದೇವರ ಇಚ್ಛೆ ಇದ್ದರೆ ಅದೂ ನ್ಯಾಯವೇ ಅಂದಿದ್ದರು. ಆ ಮಾತು ಸಭೆಗಳಲ್ಲಿ ಕೇಳಿಬರುತ್ತಿದ್ದುದು ಕಡಿಮೆ. ಮಿಸಿಸಿಪ್ಪಿ ರಾಜ್ಯ 1890ರ ತನ್ನ ಸಂವಿಧಾನದ ಮೂಲಕ ಕಪ್ಪು ಜನರ ವೋಟನ್ನು ಕಿತ್ತುಕೊಂಡಾಗಿತ್ತು. ಬಿಳಿಯ ಅಣ್ಣತಮ್ಮಂದಿರು ರಾಜಿಯಾದರು. ಆ ರಾಜಿಯ ಬೆಲೆ ಬೇರೆಯವರು ಕೊಟ್ಟರು. ನನಗೆ ಇದು ನೋವಿನ ವಿಷಯ. ಸ್ಮಾರಕ ಚೆಂದ ಇದೆ, ಅದರ ಮನಸ್ಸೂ ಒಳ್ಳೆಯದೇ. ಆದರೂ ಈ ನೋವು ಹೋಗುವುದಿಲ್ಲ.

ಬೇರೆ ರಾಜ್ಯಗಳ ಬಗ್ಗೆ ಎರಡೇ ಮಾತು. ಮಿಸೌರಿ ರಾಜ್ಯದ ರೆಜಿಮೆಂಟುಗಳು ವಿಕ್ಸ್‌ಬರ್ಗ್‌ನಲ್ಲಿ ಎರಡೂ ಕಡೆ ಇದ್ದವು. ಒಟ್ಟು 42 ದಳ. ಅದಕ್ಕೇ 1917ರಲ್ಲಿ ಅರ್ಪಿಸಿದ ಅದರ ಸ್ಮಾರಕದ ಎತ್ತರ 42 ಅಡಿ, ಎರಡೂ ಕಡೆಯವರಿಗೂ ಒಂದೇ ಕಲ್ಲು. ಕೆಂಟಕಿ ರಾಜ್ಯದ್ದು ತೀರಾ ಈಚಿನದು. ಅಲ್ಲಿ ಲಿಂಕನ್ ಮತ್ತು ದಕ್ಷಿಣದ ಅಧ್ಯಕ್ಷ ಜೆಫರ್ಸನ್ ಡೇವಿಸ್ ಇಬ್ಬರ ಪ್ರತಿಮೆಯೂ ಇದೆ. ಇಬ್ಬರೂ ಹುಟ್ಟಿದ್ದು ಕೆಂಟಕಿಯಲ್ಲೇ.

ಕಪ್ಪು ಸೈನಿಕರಿಗೆ ಆ ಉದ್ಯಾನದಲ್ಲಿ ಸ್ಮಾರಕ ಬಂದಿದ್ದು 2004ರ ಫೆಬ್ರುವರಿ 14ರಂದು. ಮೊದಲ ಮತ್ತು ಮೂರನೇ ಮಿಸಿಸಿಪ್ಪಿ ಕಪ್ಪು ರೆಜಿಮೆಂಟುಗಳಿಗೂ, ಅಲ್ಲಿ ದುಡಿದ ಎಲ್ಲ ಕಪ್ಪು ಜನರಿಗೂ ಅದು ಸಲ್ಲುತ್ತದೆ. ಕಂಚಿನ ಮೂರು ಆಳುಗಳು. ಇಬ್ಬರು ಸೈನಿಕರು, ಒಬ್ಬ ಹೊಲದ ಕೂಲಿ. ಗಾಯಗೊಂಡ ಸೈನಿಕನನ್ನು ಉಳಿದಿಬ್ಬರು ಹಿಡಿದುಕೊಂಡಿದ್ದಾರೆ. ಕೂಲಿ ಹಿಂದೆ ತಿರುಗಿ ನೋಡುತ್ತಿದ್ದಾನೆ. ಸೈನಿಕ ಮುಂದಕ್ಕೆ ನೋಡುತ್ತಿದ್ದಾನೆ. ಇಲಿನಾಯ್ ಗುಮ್ಮಟಕ್ಕೆ ಹೋಲಿಸಿದರೆ ಇದು ಚಿಕ್ಕದು. ಆದರೆ 98 ವರ್ಷ ತಡವಾಗಿ ಬಂದಿದ್ದು ಅನ್ನುವುದು ನೋಡುವಾಗ ನೆನಪಿರಲಿ.

ಅಲ್ಲಿಗೆ ಹೋದವರು ರಾಷ್ಟ್ರೀಯ ಸ್ಮಶಾನವನ್ನು ತಪ್ಪದೆ ನೋಡಬೇಕು. ದೇಶದ ಪರ ಕಾದಿದ ಸುಮಾರು 17,000 ಸೈನಿಕರು ಅಲ್ಲಿ ಮಲಗಿದ್ದಾರೆ. ಅವರಲ್ಲಿ 7,000ಕ್ಕೂ ಹೆಚ್ಚು ಜನ ಕಪ್ಪು ಸೈನಿಕರು. ದಕ್ಷಿಣದ ಸೈನಿಕರ ಸಮಾಧಿ ಬೇರೆ ಕಡೆ, ಊರಿನ ಸ್ಮಶಾನದಲ್ಲಿದೆ. ಈ 17,000ದಲ್ಲಿ ಸುಮಾರು 13,000 ಜನರ ಹೆಸರು ಗೊತ್ತಿಲ್ಲ. ಯುದ್ಧ ಮುಗಿದ ಮೇಲೆ ಹೊಲದಲ್ಲಿ, ನದಿ ದಡದಲ್ಲಿ ಹೂತಿದ್ದ ದೇಹಗಳನ್ನು ತೆಗೆದು ತಂದಾಗ ಗುರುತು ಹಿಡಿಯಲು ಏನೂ ಉಳಿದಿರಲಿಲ್ಲ. ಅವರಿಗೆಲ್ಲ ಚಿಕ್ಕ ಚೌಕಕಲ್ಲು, ಅದರ ಮೇಲೆ ಒಂದು ನಂಬರು. ಇದರಲ್ಲಿ ಎಷ್ಟೋ ಜನ ಇಲಿನಾಯ್ ಹುಡುಗರೇ ಇರಬೇಕು, ಅಲ್ವಾ? ಹೆಸರು ಗುಮ್ಮಟದ ಕಂಚಿನಲ್ಲಿದೆ. ದೇಹ ಇಲ್ಲಿ ನಂಬರಿನ ಕೆಳಗಿದೆ. ಎರಡನ್ನೂ ಒಂದು ಮಾಡಲು ಈಗ ಯಾರಿಂದಲೂ ಆಗುವುದಿಲ್ಲ.

ಕೊನೆಯದಾಗಿ ಇಲ್ಲಿರುವ ಹೈಸ್ಕೂಲು ಮಕ್ಕಳಿಗೆ ಒಂದು ಕೆಲಸ ಹೇಳುತ್ತೇನೆ. ಅಂತರ್ಯುದ್ಧದಲ್ಲಿ ಸೇರಿದ ಇಲಿನಾಯ್ ಸೈನಿಕರ ಪಟ್ಟಿಯನ್ನು ರಾಜ್ಯದ ದಾಖಲೆ ಇಲಾಖೆ ಇಂಟರ್ನೆಟ್‌ನಲ್ಲಿ ಇಟ್ಟಿದೆ. ಹೆಸರು, ಊರು, ಕೆಲವರ ಎತ್ತರ, ಕಸುಬು ಕೂಡ ಸಿಗುತ್ತದೆ. ನೀವಿರುವ ಊರಿನಿಂದ, ನಿಮ್ಮ ಕೌಂಟಿಯಿಂದ ಯಾರು ಯಾರು ಹೋದರು ಅಂತ ಹುಡುಕಿ. ವಿಕ್ಸ್‌ಬರ್ಗ್‌ಗೆ ಹೋದಾಗ ಆ ಹೆಸರನ್ನು ಫಲಕದಲ್ಲಿ ಓದಿ. ಜೊತೆಗೆ 29ನೇ ಕಲರ್ಡ್ ಇನ್ಫಂಟ್ರಿ ಅಂತಲೂ ಹುಡುಕಿ. ಕ್ವಿನ್ಸಿಯಲ್ಲಿ ಕಟ್ಟಿದ ಇಲಿನಾಯ್‌ನ ಕಪ್ಪು ರೆಜಿಮೆಂಟು ಅದು. ವಿಕ್ಸ್‌ಬರ್ಗ್ ಬಿದ್ದ ಮೇಲೆ ಹುಟ್ಟಿದ್ದರಿಂದ ಗುಮ್ಮಟದಲ್ಲಿ ಅವರ ಹೆಸರಿಲ್ಲ. 1864ರ ಜುಲೈ 30ರಂದು ವರ್ಜೀನಿಯಾದ ಪೀಟರ್ಸ್‌ಬರ್ಗ್‌ನಲ್ಲಿ, ಅಲ್ಲೂ ಸುರಂಗ ಸಿಡಿದು ಆದ ಹಳ್ಳದೊಳಗೆ ಇಳಿದು ಅವರು ಬಹಳ ಜನರನ್ನು ಕಳೆದುಕೊಂಡರು. ಅವರ ಹೆಸರೂ ಪಟ್ಟಿಯಲ್ಲಿ ಸಿಗುತ್ತವೆ.

ಇಷ್ಟು ಹೊತ್ತು ಕೂತು ಕೇಳಿದ್ದಕ್ಕೆ ವಂದನೆಗಳು. ಪ್ರಶ್ನೆಗಳಿದ್ದರೆ ಈಗ ಕೇಳಿ.